ಎಂಬತ್ತು ದಾಟಿದರೆ ಅಲ್ಲಾಡುವ ಟ್ರಕ್ಕು

ಜನವರಿ 11

ಅಳಿಯನಿಗೆ,

ಕೋರ್ಟಿನ ಕಾಗದ ಬಂದು ಎರಡು ತಿಂಗಳಾಯಿತು. ಇನ್ನು ನಿನ್ನನ್ನು ಅಳಿಯ ಎನ್ನಬಹುದೋ ಬಾರದೋ ಎಂದು ಒಂದು ಗಳಿಗೆ ಯೋಚಿಸಿದೆ. ಬೇರೆ ಏನೆಂದು ಕರೆಯಲಿ? ಹೆಸರು ಹಿಡಿದು ಕರೆದರೆ ಬ್ಯಾಂಕಿನವರು ಕರೆದ ಹಾಗಿರುತ್ತದೆ. ನನ್ನ ಮಗಳಿಗೆ ನೀನು ಈಗ ಏನೂ ಅಲ್ಲದಿರಬಹುದು, ಅದು ನಿಮ್ಮಿಬ್ಬರ ವಿಚಾರ. ನನಗೆ ಅಳಿಯನೇ. ನೀನೂ ಮಾವ ಎಂದೇ ಬರಿ. ಈ ವಿಷಯ ಇಲ್ಲಿಗೆ ಮುಗಿಯಿತು.

ಫೋನ್ ಮಾಡಕೂಡದು ಎಂದು ಅವಳು ನಮ್ಮಿಬ್ಬರಿಗೂ ಹೇಳಿದ್ದಾಳೆ. "ನೀವಿಬ್ರೂ ಮಾತಾಡಿದ್ರೆ ನನ್ನ ಸುದ್ದಿ ಅಲ್ಲಿಗೆ, ಅವನ ಸುದ್ದಿ ಇಲ್ಲಿಗೆ. ಒಂದು ವರ್ಷ ನನ್ನನ್ನ ನನ್ನ ಪಾಡಿಗೆ ಬಿಡಿ" ಎಂದಳು. ಆಗಲಿ. ಕಾಗದ ಬರೆಯುವ ಸುದ್ದಿ ಅವಳು ಎತ್ತಲಿಲ್ಲ. ನಾನೂ ನೆನಪು ಮಾಡಲಿಲ್ಲ.

ಈಗ ಟ್ರಕ್ಕಿನ ವಿಷಯ. ನೀನು ಊರು ಬಿಡುವಾಗ ಅದು ನನ್ನ ಮೇಜಿನ ಮೇಲೆ ಬಿಚ್ಚಿ ಬಿದ್ದಿತ್ತಲ್ಲ, ಪೂರ್ತಿ ಜೋಡಿಸಿದ್ದೇನೆ. ಅಂಗಡಿಯಿಂದ ತಂದಾಗ ಗಂಟೆಗೆ ಅರವತ್ತು ಕಿಲೋಮೀಟರ್ ಓಡುತ್ತಿದ್ದ ರಿಮೋಟ್ ಟ್ರಕ್ಕು. ಮಕ್ಕಳ ಆಟದ ಸಾಮಾನು ಎಂದು ನಿನ್ನ ಅತ್ತೆ ನಗುತ್ತಿದ್ದಳು. ಅದನ್ನು ನಾವಿಬ್ಬರು ನಾಲ್ಕು ವರ್ಷ ತಿದ್ದಿ ತೀಡಿ ನೂರ ಮೂವತ್ತೊಂದಕ್ಕೆ ತಂದೆವು. ಈ ಸಲ ಮೇ ತಿಂಗಳಲ್ಲಿ ಕ್ಲಬ್ಬಿನವರು ನಡೆಸುವ ವೇಗದ ಓಟದಲ್ಲಿ ನೂರೈವತ್ತು ಮುಟ್ಟಿಸಲೇಬೇಕು. ಮೋಟಾರಿನ ಗೇರನ್ನು ನಾನೇ ಹೊಸದಾಗಿ ಕಡಿದೆ, ಮೂರು ಹಲ್ಲು ಹೆಚ್ಚು. ನಲವತ್ತು ವರ್ಷ ಕಾರ್ಖಾನೆಯಲ್ಲಿ ಗೇರಿನ ಹಲ್ಲು ಕಡಿದವನಿಗೆ ಅದೇನು ಮಹಾ. ಬ್ಯಾಟರಿ ಆರು ಸೆಲ್ಲಿನದು ಹಾಕಿದ್ದೇನೆ. ಗಾಳಿ ಒಳಗೆ ನುಗ್ಗಿ ಎತ್ತಿ ಒಗೆಯದಿರಲೆಂದು ಬಾಡಿಯ ಮೂಗನ್ನು ನೆಲದಿಂದ ಒಂದು ಬೆರಳಿನಷ್ಟಕ್ಕೆ ಇಳಿಸಿದ್ದೇನೆ.

ಆದರೆ ಎಂಬತ್ತು ದಾಟಿದೊಡನೆ ಬಾಲ ಬಿಚ್ಚುತ್ತದೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸಣ್ಣಗೆ ಅಲ್ಲಾಡಿ, ಆಮೇಲೆ ಜೋರಾಗಿ ಅಲ್ಲಾಡಿ, ಕೊನೆಗೆ ಅಡ್ಡ ತಿರುಗುತ್ತದೆ. ಗೋದಾಮಿನ ಹಿಂದಿನ ಕಾಂಕ್ರೀಟ್ ರಸ್ತೆ ನಿನಗೆ ಗೊತ್ತು, ಒಂದು ಗುಂಡಿ ಇಲ್ಲ. ಹೋದ ವರ್ಷ ಅಲ್ಲೇ ನೂರಿಪ್ಪತ್ತರಲ್ಲಿ ನೂಲು ಹಿಡಿದ ಹಾಗೆ ಹೋಗಿತ್ತು. ನನಗೆ ತಲೆಬುಡ ಅರ್ಥವಾಗುತ್ತಿಲ್ಲ. ಊರವರ ಲಿಫ್ಟೆಲ್ಲ ರಿಪೇರಿ ಮಾಡುವವನು ನೀನು. ಏನಿರಬಹುದು ಹೇಳು.

ಮಾವ

ಜನವರಿ 19

ಮಾವನವರಿಗೆ ನಮಸ್ಕಾರ.

ಲಕೋಟೆಯ ಮೇಲೆ ನಿಮ್ಮ ದಪ್ಪ ಅಕ್ಷರ ನೋಡಿ ಮೊದಲು ಹೆದರಿದೆ. ಯಾರಿಗೋ ಏನೋ ಆಗಿದೆ ಎಂದುಕೊಂಡೆ. ಟ್ರಕ್ಕಿಗೆ ಆಗಿದೆ ಎಂದು ತಿಳಿದ ಮೇಲೆ ಒಬ್ಬನೇ ಕೂತು ನಕ್ಕೆ.

ಲಿಫ್ಟಿನ ಕೆಲಸದಲ್ಲಿ ನಮ್ಮ ಮೇಸ್ತ್ರಿ ಹೇಳಿಕೊಟ್ಟದ್ದು ಒಂದೇ ಪಾಠ. ಒಂದು ಸಲಕ್ಕೆ ಒಂದೇ ಭಾಗ ನೋಡು. ಸರಿ ಇದೆ ಎಂದು ಕಣ್ಣಾರೆ ಕಂಡದ್ದನ್ನು ಪಟ್ಟಿಯಿಂದ ಹೊಡೆದುಹಾಕು. ಕೊನೆಗೆ ಉಳಿದದ್ದೇ ದೋಷ. ಹಾಗೆ ಮಾಡೋಣ. ಮೊದಲು ಹಿಂದಿನ ಚಕ್ರಗಳು ಒಂದಕ್ಕೊಂದು ನೇರ ಇವೆಯೇ ನೋಡಿ. ಆಮೇಲೆ ಚಕ್ರ ಹಿಡಿದು ಅಲ್ಲಾಡಿಸಿ, ಸಡಿಲ ಇದ್ದರೆ ಬೇರಿಂಗು. ಟೈರು ವೇಗದಲ್ಲಿ ಉಬ್ಬುತ್ತದೆ, ಒಳಗೆ ಪಟ್ಟಿ ಸುತ್ತಿದ್ದು ಬಿಟ್ಟಿರಬಹುದು. ಒಂದೊಂದು ಮಾಡಿ ಓಡಿಸಿ, ಪ್ರತಿ ಸಲ ಎಷ್ಟರಲ್ಲಿ ಅಲ್ಲಾಡಿತು ಎಂದು ಬರೆದಿಡಿ.

ಇಲ್ಲಿ ನನಗೆ ಕೈತುಂಬ ಕೆಲಸ. ಒಂಬತ್ತು ಕಟ್ಟಡ, ಇಪ್ಪತ್ತೆರಡು ಲಿಫ್ಟು. ಬಾಡಿಗೆ ಕೋಣೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ.

ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ?

ಅಳಿಯ

ಫೆಬ್ರವರಿ 2

ಅಳಿಯನಿಗೆ,

ಎಲ್ಲರೂ ಎಂದರೆ ಯಾರು? ನಿನ್ನ ಅತ್ತೆ ಚೆನ್ನಾಗಿದ್ದಾಳೆ, ಮಂಡಿ ನೋವು. ನಾನು ಚೆನ್ನಾಗಿದ್ದೇನೆ. ಇನ್ನೊಬ್ಬಳ ಸುದ್ದಿ ಕೇಳಬೇಡ, ನಾನು ಹೇಳುವುದಿಲ್ಲ. ಅದಕ್ಕೆಂದೇ ನನಗೆ ಕಾಗದ ಬರೆಯುವುದಾದರೆ ಈಗಲೇ ನಿಲ್ಲಿಸು.

ನೀನು ಹೇಳಿದ್ದೆಲ್ಲ ಮಾಡಿದೆ. ಹಿಂದಿನ ಚಕ್ರ ನೇರ ಇವೆ. ಚಕ್ರದಲ್ಲಿ ಕೂದಲೆಳೆಯಷ್ಟು ಸಡಿಲವಿದೆ, ಅದು ಮೊದಲಿನಿಂದಲೂ ಇತ್ತು. ಟೈರು ಬಿಚ್ಚಿ ಒಳಗೆ ಹೊಸ ಪಟ್ಟಿ ಸುತ್ತಿ ಅಂಟಿಸಿದೆ. ಆ ಕೆಲಸಕ್ಕೇ ಎರಡು ಭಾನುವಾರ ಹಿಡಿಯಿತು, ಅಂಟು ಎಲ್ಲೆಲ್ಲೋ ಮೆತ್ತಿಕೊಂಡು ರಗಳೆ. ಈಗ ಸಿಗುವ ಅಂಟು ಮೊದಲಿನ ಹಾಗಿಲ್ಲ. ಎಲ್ಲ ಆದ ಮೇಲೆ ಓಡಿಸಿದರೆ ಎಪ್ಪತ್ತೆಂಟರಲ್ಲಿ ಅಲ್ಲಾಟ. ಅಂದರೆ ಇನ್ನೂ ಕೆಟ್ಟಿತು. ರಿಪೇರಿ ಮಾಡಿದಷ್ಟೂ ಹಾಳಾಗುವುದು ಎಲ್ಲಾದರೂ ಉಂಟೇ?

ಅಕ್ಷರ ಸಣ್ಣದಾಗಿದೆ ಎಂದು ದೂರಬೇಡ. ಪೆನ್ನು ಹೊಸದು, ಕೈಗೆ ಇನ್ನೂ ಹೊಂದಿಕೊಂಡಿಲ್ಲ.

ಮಾವ

ಫೆಬ್ರವರಿ 10

ಮಾವನವರಿಗೆ ನಮಸ್ಕಾರ.

ಅವಳ ಸುದ್ದಿಗಾಗಿ ನಾನು ಬರೆಯುತ್ತಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಇನ್ನು ಮುಂದೆ ಎಲ್ಲರೂ ಎನ್ನುವುದಿಲ್ಲ, ಅತ್ತೆ ಹೇಗಿದ್ದಾರೆ ಎಂದು ಬಿಡಿಸಿಯೇ ಕೇಳುತ್ತೇನೆ.

ಈ ಸಲ ನಿಮ್ಮ ಕಾಗದ ಓದಲು ಭೂತಗನ್ನಡಿ ಹಿಡಿಯಬೇಕಾಯಿತು. ಸಾಲಿನ ಶುರುವಿನಲ್ಲಿ ಅಕ್ಷರ ಇರುವೆಯಷ್ಟು, ಕೊನೆಗೆ ಬರುವಷ್ಟರಲ್ಲಿ ಸಾಸಿವೆಯಷ್ಟು. ಆ ಪೆನ್ನನ್ನು ಬಿಸಾಡಿ.

ಎಂಟು ಬೇರಿಂಗು ಕಳಿಸಿದ್ದೇನೆ, ಎಲ್ಲ ಬದಲಿಸಿ. ಜೊತೆಗೆ ಒಂದು ಸೀಸೆ ಗಟ್ಟಿ ಎಣ್ಣೆ ಇದೆ. ಹಿಂದಿನ ಗೇರ್ ಡಬ್ಬಿಗೆ ತುಂಬಿದರೆ ಎರಡು ಚಕ್ರಗಳೂ ಒಟ್ಟಿಗೆ ತಿರುಗುತ್ತವೆ, ಬಾಲ ಅಷ್ಟು ಸುಲಭಕ್ಕೆ ಆಡುವುದಿಲ್ಲ. ಸ್ಟೀರಿಂಗಿನ ಸಣ್ಣ ಮೋಟಾರಿನ ತಿರುಪುಗಳನ್ನೂ ಒಮ್ಮೆ ಬಿಗಿ ಮಾಡಿ.

ಮಾಡಿದಷ್ಟೂ ಹಾಳಾಗುವುದು ನನಗೂ ಅರ್ಥವಾಗುತ್ತಿಲ್ಲ. ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸುತ್ತೇನೆ. ಮೊನ್ನೆ ಇಳಿಯುವ ಸ್ಟಾಪು ತಪ್ಪಿತು.

ಅಳಿಯ

ಮಾರ್ಚ್ 1

ಬೇರಿಂಗ್ ಹಾಕಿದೆ. ಎಣ್ಣೆ ತುಂಬಿದೆ. ತಿರುಪು ಬಿಗಿ ಮಾಡಿದೆ. ಪ್ರಯೋಜನವಿಲ್ಲ. ಎಪ್ಪತ್ತಾರರಲ್ಲಿ ಅಲ್ಲಾಟ. ಮುಂದೇನು ಎಂದು ತಿಳಿಸುವುದು.

ಮಾವ

ಮಾರ್ಚ್ 6

ಮಾನ್ಯರಿಗೆ,

ತಮ್ಮ ಮಾರ್ಚ್ ಒಂದರ ಟೈಪು ಮಾಡಿದ ಪತ್ರ ತಲುಪಿತು. ಹೋದ ವರ್ಷ ವಕೀಲರಿಂದ ಬಂದ ಕಾಗದಗಳೆಲ್ಲ ಇದೇ ರೀತಿ ಇದ್ದವು. ಅವನ್ನಿಟ್ಟ ಫೈಲಿನಲ್ಲೇ ಇದನ್ನೂ ಇಡಬಹುದು, ಗುರುತು ಹತ್ತುವುದಿಲ್ಲ.

ಮಾವ, ನಾನೇನು ತಪ್ಪು ಮಾಡಿದೆ? ಪೆನ್ನು ಬಿಸಾಡಿ ಎಂದದ್ದಕ್ಕೆ ಕೋಪವೇ? ಅಥವಾ ಅವಳು ನಮ್ಮ ಕಾಗದಗಳನ್ನು ನೋಡಿದಳೇ? ಅವಳು ನಿಲ್ಲಿಸು ಎಂದಿದ್ದರೆ ನೇರವಾಗಿ ಬರೆದುಬಿಡಿ. ಮದುವೆ ಮುರಿದಾಗಲೂ ನೀವು ನನಗೆ ಮುಖ ಊದಿಸಿಕೊಂಡವರಲ್ಲ. ಬಸ್ಸಿನವರೆಗೆ ಪೆಟ್ಟಿಗೆ ಹೊತ್ತು ಬಂದಿರಿ. ಈಗ ಎರಡು ಸಾಲು, ಅದೂ ಟೈಪು ಹೊಡೆದು. ನನಗೆ ಬೇಜಾರಾಗಿದೆ, ಹೇಳಿಬಿಡುತ್ತೇನೆ.

ಇಷ್ಟಾದರೂ ಟ್ರಕ್ಕನ್ನು ಬಿಡಲಾಗುವುದಿಲ್ಲ. ನಿಮ್ಮ ರಿಮೋಟಿನ ಹಿಂಭಾಗದಲ್ಲಿ ಉಗುರಿನಷ್ಟು ದೊಡ್ಡ ಮೆಮರಿ ಕಾರ್ಡ್ ಇದೆ. ವೇಗ ಎಷ್ಟು, ಯಾವಾಗ ಎಷ್ಟು ಒತ್ತಿದ್ದು, ಯಾವಾಗ ಎಷ್ಟು ತಿರುಗಿಸಿದ್ದು, ಎಲ್ಲ ಅದರಲ್ಲಿ ದಾಖಲಾಗಿರುತ್ತದೆ. ಕಳಿಸಿ ನೋಡೋಣ. ಮನಸ್ಸಿದ್ದರೆ.

ಅಳಿಯ (ಅಥವಾ ಹಳೆಯ ಅಳಿಯ)

ಮಾರ್ಚ್ 15

ಅಳಿಯನಿಗೆ,

ಕಾಗದ ಟೈಪಾದರೆ ಮನುಷ್ಯನೂ ಟೈಪಾದ ಎಂದು ನಿನಗೆ ಯಾರು ಹೇಳಿದರು? ಭೂತಗನ್ನಡಿ ಬೇಕು ಎಂದು ದೂರಿದವನು ನೀನು. ಅದಕ್ಕೇ ಮಗಳ ಹಳೆಯ ಕಂಪ್ಯೂಟರಿನಲ್ಲಿ ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದೇನೆ. ಒಂದೊಂದು ಅಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದ್ದು ಮರೆತು ಹೋಗುತ್ತದೆ. ಎರಡು ಸಾಲು ಬಂದದ್ದೇ ದೊಡ್ಡದು. ಯಾರೂ ಏನೂ ನೋಡಿಲ್ಲ, ಯಾರೂ ನಿಲ್ಲಿಸು ಎಂದಿಲ್ಲ. ಸಣ್ಣ ಮಕ್ಕಳ ಹಾಗೆ ಮುನಿಸಿಕೊಳ್ಳಬೇಡ.

ಕಾರ್ಡು ಕಳಿಸಿದ್ದೇನೆ. ಅದರಲ್ಲಿ ಬರೀ ವೇಗ ಇರುತ್ತದೆ ಎಂದುಕೊಂಡಿದ್ದೆ.

ಓಟಕ್ಕೆ ಹೆಸರು ಕೊಡಲು ಏಪ್ರಿಲ್ ಮೂವತ್ತು ಕೊನೆಯ ದಿನ. ಹೆಸರು ಕೊಟ್ಟವನ ಕೈಯಲ್ಲೇ ರಿಮೋಟ್ ಇರಬೇಕು ಎಂದು ಈ ವರ್ಷವೂ ನಿಯಮ ಹಾಕಿದ್ದಾರೆ. ಈ ಸಲ ಅಳಿಯನೇ ಬಂದು ಓಡಿಸಲಿ ಎಂದು ಕ್ಲಬ್ಬಿನ ಕಾರ್ಯದರ್ಶಿ ಹೇಳಿ ಕಳಿಸಿದ್ದ, ಅಲ್ಲಾಟದ ಸುದ್ದಿ ಅವನ ಕಿವಿಗೂ ಬಿದ್ದಿದೆ. ಸುತರಾಂ ಆಗದು ಎಂದೆ. ನಾಲ್ಕು ವರ್ಷ ನಾನೇ ಓಡಿಸಿದ್ದೇನೆ, ನೂರೈವತ್ತನ್ನೂ ನಾನೇ ಓಡಿಸುತ್ತೇನೆ. ಅದೊಂದು ಆಗಲಿ, ಆಮೇಲೆ ನನ್ನ ಕೈಗೆ ಏನು ಬೇಕಾದರೂ ಆಗಲಿ.

ಮಾವ

ಮಾರ್ಚ್ 22

ಮಾವ, ಸಿಕ್ಕಿತು! ಸಿಕ್ಕಿಬಿಟ್ಟಿತು!

ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಗೆರೆಗಳನ್ನು ಬಿಡಿಸಿ ನೋಡಿದೆ. ವೇಗದ ಗೆರೆ ಸರಿ ಇದೆ. ಸ್ಟೀರಿಂಗಿನ ಗೆರೆ ಮಾತ್ರ ಗರಗಸದ ಹಲ್ಲಿನ ಹಾಗಿದೆ. ಎಡ, ಬಲ, ಎಡ, ಬಲ, ಸೆಕೆಂಡಿಗೆ ಐದು ಸಲ, ಲೆಕ್ಕವಿಟ್ಟ ಹಾಗೆ. ಟ್ರಕ್ಕು ನಿಂತಿದ್ದಾಗಲೂ ಹಾಗೆಯೇ ಇದೆ! ಅಂದರೆ ಟ್ರಕ್ಕು ತಾನಾಗಿ ಅಲ್ಲಾಡುತ್ತಿಲ್ಲ. ಅಲ್ಲಾಡು ಎಂದು ರಿಮೋಟೇ ಅದಕ್ಕೆ ಹೇಳುತ್ತಿದೆ. ಎಂಬತ್ತರ ಒಳಗೆ ಅಷ್ಟು ಸಣ್ಣ ತಿರುವು ಗೊತ್ತಾಗುವುದಿಲ್ಲ, ಆಮೇಲೆ ಗೊತ್ತಾಗುತ್ತದೆ, ಅಷ್ಟೇ. ರಿಮೋಟಿನಲ್ಲಿ ದಿಕ್ಕು ತಿರುಗಿಸುವ ಪುಟ್ಟ ಚಕ್ರದ ಒಳಗಿರುವ ಸೆನ್ಸರ್ ಸವೆದಿರಬೇಕು. ಲಿಫ್ಟಿನ ಗುಂಡಿಗಳಲ್ಲಿ ಇಂಥದ್ದನ್ನು ಎಷ್ಟೋ ನೋಡಿದ್ದೇನೆ.

ಇಷ್ಟು ದಿನ ಮುಚ್ಚಿಟ್ಟಿದ್ದ ಒಂದು ವಿಷಯ ಹೇಳುತ್ತೇನೆ, ನಗಬೇಡಿ. ಕೈತುಂಬ ಕೆಲಸ ಎಂದೆನಲ್ಲ, ಅದು ಅರ್ಧ ಸುಳ್ಳು. ಸಂಜೆಯೆಲ್ಲ ಖಾಲಿಯೇ. ಫೆಬ್ರವರಿಯಲ್ಲಿ ನಾನೂ ಅದೇ ಮಾದರಿಯ ಹಳೆಯ ಟ್ರಕ್ಕೊಂದನ್ನು ಕೊಂಡೆ. ನಿಮ್ಮ ದೋಷ ಇಲ್ಲಿ ಬರಿಸಬೇಕೆಂದು ಬೇರಿಂಗು ಸಡಿಲ ಮಾಡಿದೆ, ಚಕ್ರ ಸೊಟ್ಟ ಮಾಡಿದೆ, ಟೈರಿನ ಪಟ್ಟಿ ಕಿತ್ತೆ. ಆದರೂ ಮಹಾರಾಯ ಮೂಗಿನ ನೇರಕ್ಕೆ ಹೋಗುತ್ತಿತ್ತು. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಈಗ ಕಾರಣ ತಿಳಿಯಿತು.

ರಿಮೋಟನ್ನು ಹತ್ತಿಯಲ್ಲಿ ಸುತ್ತಿ ಕಳಿಸಿ. ವಾರದಲ್ಲಿ ಸರಿ ಮಾಡಿ ಕಳಿಸುತ್ತೇನೆ.

ಅಳಿಯ

ಏಪ್ರಿಲ್ 2

ಅಳಿಯನಿಗೆ,

ದೋಷ ರಿಮೋಟಿನದೇ ಎಂದು ನಿನಗೆ ಖಾತ್ರಿಯೇ? ನಿಂತಿದ್ದಾಗಲೂ ಹಾಗೆ ಬರುತ್ತದೆ ಎಂದೆಯಲ್ಲ, ಅದು ರಿಮೋಟಿನಿಂದಲೇ ಬರಬೇಕಲ್ಲವೇ? ಬೇರೆ ಎಲ್ಲಿಂದಲೂ ಬರಲು ಸಾಧ್ಯವಿಲ್ಲ ತಾನೇ?

ಹಾಗಿದ್ದರೆ ಒಳ್ಳೆಯದಾಯಿತು. ತುಂಬ ಒಳ್ಳೆಯದಾಯಿತು. ಇವತ್ತೇ ಕಳಿಸುತ್ತಿದ್ದೇನೆ. ಸರಿಯಾಗಿ ನೋಡು, ಅವಸರ ಮಾಡಬೇಡ. ಏನಾದರೊಂದು ಸಿಕ್ಕೇ ಸಿಗುತ್ತದೆ.

ನಿನ್ನ ಕಾಗದ ಬಂದ ಮೇಲೆ ನಿನ್ನ ಅತ್ತೆಯೊಡನೆ ಸಿನಿಮಾಕ್ಕೆ ಹೋಗಿ ಬಂದೆ. ಎಷ್ಟೋ ತಿಂಗಳಾಗಿತ್ತು.

ಮಾವ

ಏಪ್ರಿಲ್ 11

ಮಾವನವರಿಗೆ ನಮಸ್ಕಾರ.

ಕೈ ಚೆಲ್ಲಿ ಕೂತಿದ್ದೇನೆ. ರಿಮೋಟನ್ನು ಮೂರು ದಿನ ಬಿಚ್ಚಿ ನೋಡಿದೆ. ಸೆನ್ಸರು ಹೊಸದರ ಹಾಗಿದೆ. ಸ್ಪ್ರಿಂಗು ಸರಿ, ತಂತಿಗಳು ಸರಿ. ಜೋಡಿಸಿ ನನ್ನ ಟ್ರಕ್ಕಿಗೆ ಹೊಂದಿಸಿ ಓಡಿಸಿದರೆ ಗೆರೆ ನೂಲು ಎಳೆದ ಹಾಗೆ ನೇರ. ಮೇಜಿನ ಮೇಲಿಟ್ಟರೂ ನೇರ. ಬಿಸಿಲಿನಲ್ಲಿಟ್ಟು ಕಾಯಿಸಿ ನೋಡಿದೆ, ಫ್ರಿಜ್ಜಿನಲ್ಲಿಟ್ಟು ತಣಿಸಿ ನೋಡಿದೆ. ಆಗಲೂ ನೇರ.

ನನ್ನ ಪಟ್ಟಿಯಲ್ಲಿ ಈಗ ಎಲ್ಲ ಹೊಡೆದುಹಾಕಿ ಆಗಿದೆ. ಚಕ್ರ ಸರಿ. ಬೇರಿಂಗು ಸರಿ. ಗೇರು ಸರಿ. ಬ್ಯಾಟರಿ ಸರಿ. ರಸ್ತೆ ಸರಿ. ರಿಮೋಟು ಸರಿ. ಇನ್ನೇನು ಉಳಿಯಿತು, ನೀವೇ ಹೇಳಿ? ಏನೂ ಉಳಿದಿಲ್ಲ. ಆದರೂ ಅಲ್ಲಾಡುತ್ತದೆ. ಹತ್ತು ವರ್ಷದ ಕೆಲಸದಲ್ಲಿ ಹೀಗೆ ಆಗಿರಲಿಲ್ಲ.

ರಿಮೋಟನ್ನು ಇದರೊಡನೆಯೇ ಕಳಿಸುತ್ತಿದ್ದೇನೆ.

ಅಳಿಯ

ಏಪ್ರಿಲ್ 13

ಮಾವ,

ಮೊನ್ನೆಯ ಕಾಗದ ಅಂಚೆಗೆ ಹಾಕಿ ಬಂದ ಮೇಲೆ ನಿಮ್ಮ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಮೇಜಿನ ಮೇಲೆ ಹರಡಿದೆ, ಅಲ್ಲಾಟದ ಅಂಕಿಗಳನ್ನು ಒಂದು ಕಡೆ ಬರೆದುಕೊಳ್ಳೋಣ ಎಂದು. ಅಂಕಿ ಬರೆಯಲಿಲ್ಲ. ಜನವರಿಯ ಅಕ್ಷರ ನೋಡಿದೆ, ಫೆಬ್ರವರಿಯ ಅಕ್ಷರ ನೋಡಿದೆ, ಮಾರ್ಚಿನ ಟೈಪು ನೋಡಿದೆ. ಅಂಟು ಎಲ್ಲೆಲ್ಲೋ ಮೆತ್ತಿತು ಎಂದು ಬರೆದಿದ್ದೀರಿ. ನೀವು! ನಿಮ್ಮ ಕೈಯಿಂದ ಒಂದು ಹನಿ ಅಂಟು ಆಚೀಚೆ ಬಿದ್ದದ್ದನ್ನು ನಾನು ಯಾವತ್ತೂ ನೋಡಿಲ್ಲ.

ಪಟ್ಟಿಯಲ್ಲಿ ನಾನು ಬರೆಯದೇ ಬಿಟ್ಟದ್ದು ಒಂದಿತ್ತು. ನಿಮ್ಮ ಕೈಯನ್ನು ಅದರಲ್ಲಿ ಸೇರಿಸಿಯೇ ಇರಲಿಲ್ಲ. ನಾಲ್ಕು ವರ್ಷ ಬೇರೆಲ್ಲವನ್ನೂ ಆ ಕೈಯಿಂದಲೇ ಅಳೆದೆವು. ಅಳತೆಗೋಲನ್ನು ಯಾರು ಅನುಮಾನಿಸುತ್ತಾರೆ? ನನ್ನ ಮೂರ್ಖತನಕ್ಕೆ ಎಣೆ ಇಲ್ಲ.

ತಪ್ಪು ತಿಳಿದಿದ್ದರೆ ಬೈಯಿರಿ. ಬೈಯುವುದಾದರೆ ದಯವಿಟ್ಟು ಕೈಯಲ್ಲಿ ಬರೆದು ಬೈಯಿರಿ.

ಅಳಿಯ

ಏಪ್ರಿಲ್ 21

ಅಳಿಯನಿಗೆ,

ಇಗೋ, ಕೈಯಲ್ಲೇ ಬರೆದಿದ್ದೇನೆ. ನಾಲ್ಕು ಸಲ ಎದ್ದು ಕೂತು ಬರೆದದ್ದು. ಓದಲು ಬಂದಷ್ಟು ಓದು.

ಡಿಸೆಂಬರಿನಿಂದ ಬಲಗೈಯ ಹೆಬ್ಬೆರಳು ತಾನಾಗಿ ಆಡುತ್ತಿತ್ತು. ಚಳಿಗೆ ಎಂದುಕೊಂಡೆ. ಓಡಿಸುವಾಗ ಕಣ್ಣು ಟ್ರಕ್ಕಿನ ಮೇಲಿರುತ್ತದೆ, ಕೈ ಯಾರು ನೋಡುತ್ತಾರೆ? ಜನವರಿಯಲ್ಲಿ ನಿನಗೆ ಬರೆದದ್ದು ನಿಜವಾಗಿಯೂ ಟ್ರಕ್ಕೇ ಕೆಟ್ಟಿದೆ ಎಂದು ನಂಬಿ. ಫೆಬ್ರವರಿಯ ಕೊನೆಗೆ ಗೇರಿನ ಒಂದು ಹಲ್ಲಿಗೆ ಅರ ಹಾಕುವಾಗ ಪಕ್ಕದ ಹಲ್ಲು ಹಾಳು ಮಾಡಿದೆ. ನಲವತ್ತು ವರ್ಷದಲ್ಲಿ ಅದೇ ಮೊದಲು. ಆ ಗೇರನ್ನು ಕಸಕ್ಕೆ ಹಾಕಿ, ಇನ್ನೊಂದು ಕಡಿಯಲು ಹನ್ನೊಂದು ದಿನ ತೆಗೆದುಕೊಂಡೆ.

ಆಗಲೇ ಗೊತ್ತಾಗಬೇಕಿತ್ತು. ಗೊತ್ತಾಯಿತು ಎಂದೇ ಇಟ್ಟುಕೋ. ಆದರೆ ರಿಮೋಟು ಕೆಟ್ಟಿದೆ ಎಂದು ನೀನು ಬರೆದೆಯಲ್ಲ, ಆ ಕಾಗದವನ್ನು ಐದಾರು ಸಲ ಓದಿದೆ. ಹಾಗಿರಲಿ ದೇವರೇ ಎಂದೆ. ಹದಿನೈದು ದಿನ ಒಳ್ಳೆಯ ನಿದ್ದೆ ಬಂತು. ಆಮೇಲೆ ಇನ್ನೇನು ಉಳಿಯಿತು ಎಂದು ನೀನು ಕೇಳಿದೆ ನೋಡು, ಆಗ ನಿನ್ನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ನೀನೇನೂ ತಪ್ಪು ಮಾಡಿರಲಿಲ್ಲ, ಆದರೂ ಬಂತು.

ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮಗಳಿಗೆ ಭುಜ ಉಳುಕಿದೆ ಎಂದಿದ್ದೇನೆ. ಹೇಳಿದರೆ ಸ್ಟೌ ಹಚ್ಚಬೇಡ, ಮೆಟ್ಟಿಲು ಇಳಿಯಬೇಡ ಎಂದು ಶುರುವಾಗುತ್ತದೆ. ಮೊದಲು ಕಿತ್ತಿಡುವುದೇ ರಿಮೋಟನ್ನು.

ಈ ವರ್ಷ ನಾನು ಹೆಸರು ಕೊಡುವುದಿಲ್ಲ. ಟ್ರಕ್ಕು ನೀನು ತೆಗೆದುಕೊಂಡು ಹೋಗು, ನಿನ್ನ ಹೆಸರಿನಲ್ಲಿ ಓಡಿಸು. ವಾದ ಬೇಡ.

ಮಾವ

ಏಪ್ರಿಲ್ 25

ಮಾವನವರಿಗೆ,

ಟ್ರಕ್ಕು ನನಗೆ ಬೇಡ. ನನ್ನ ಹತ್ತಿರ ಒಂದಿದೆ, ಸೊಟ್ಟ ಚಕ್ರದ್ದು.

ನಿಮ್ಮ ಕಾಗದ ಓದಿ ಅತ್ತುಬಿಟ್ಟೆ. ಮರೆಮಾಚುವುದೇನಿದೆ. ಆಮೇಲೆ ಕಾರ್ಡಿನ ಗೆರೆಗಳನ್ನು ಮತ್ತೆ ತೆಗೆದು ನೋಡಿದೆ. ರಿಮೋಟನ್ನು ಹೇಗೆ ಹಿಡಿಯುತ್ತೀರಿ ನೆನಪಿಸಿಕೊಳ್ಳಿ. ಎಡಗೈಯಲ್ಲಿ ಪಿಸ್ತೂಲಿನಂಥ ಹಿಡಿಕೆ, ತೋರುಬೆರಳು ವೇಗದ ಕೀಲಿನ ಮೇಲೆ. ಪಕ್ಕದ ಚಕ್ರವನ್ನು ತಿರುಗಿಸುವುದು ಬಲಗೈ. ನಿಮ್ಮ ವೇಗದ ಗೆರೆ ಬೆಣ್ಣೆಯಲ್ಲಿ ಎಳೆದ ಹಾಗಿದೆ, ಒಂದು ಕೊಂಕಿಲ್ಲ. ನೂರರ ಮೇಲೆ ವೇಗವನ್ನು ಹಾಗೆ ಏರಿಸಲು ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಒಮ್ಮೆಗೇ ಒತ್ತಿ ಗೇರು ಮುರಿಯುತ್ತೇನೆ, ನಿಮಗೆ ಗೊತ್ತೇ ಇದೆ.

ಆದ್ದರಿಂದ ಹೆಸರು ನಿಮ್ಮದು, ರಿಮೋಟು ನಿಮ್ಮ ಎಡಗೈಯಲ್ಲಿ, ವೇಗ ನಿಮ್ಮದು. ನಾನು ನಿಮ್ಮ ಬಲಕ್ಕೆ ಅಂಟಿಕೊಂಡು ನಿಂತು ಚಕ್ರ ತಿರುಗಿಸುತ್ತೇನೆ. ಹೆಸರು ಕೊಟ್ಟವನ ಕೈಯಲ್ಲಿ ರಿಮೋಟ್ ಇರಬೇಕು ಎಂದಿದೆ ನಿಯಮ. ಇನ್ನೊಬ್ಬನ ಕೈ ತಾಗಕೂಡದು ಎಂದು ಎಲ್ಲೂ ಇಲ್ಲ. ಕಾರ್ಯದರ್ಶಿಗೆ ನಾನೇ ಫೋನ್ ಮಾಡಿ ಕೇಳಿದೆ. ಅವರೂ ತಲೆ ಕೆರೆದುಕೊಂಡು ಒಪ್ಪಿದರು.

ನನ್ನದು ಒಂದೇ ಷರತ್ತು. ನೀವು ಡಾಕ್ಟರಿಗೆ ಕೈ ತೋರಿಸಬೇಕು, ಮಗಳಿಗೆ ನೀವೇ ಹೇಳಬೇಕು. ನಾನು ಹೇಳುವುದಿಲ್ಲ, ನನಗೆ ಆ ಹಕ್ಕಿಲ್ಲ. ಆದರೆ ನೀವು ಹೇಳದಿದ್ದರೆ ನಾನು ಬರುವುದಿಲ್ಲ.

ಅಳಿಯ

ಮೇ 6

ಅಳಿಯನಿಗೆ,

ನಿನ್ನಂಥ ಹಟಮಾರಿಯನ್ನು ನೋಡಿಲ್ಲ. ಎರಡು ದಿನ ನಿನ್ನನ್ನು ಬೈದು, ಮೂರನೇ ದಿನ ಹೆಸರು ಕೊಟ್ಟು ಬಂದೆ. ನಾಲ್ಕನೇ ದಿನ ಡಾಕ್ಟರ ಹತ್ತಿರ ಹೋದೆ.

ಅವರು ನಡೆಸಿದರು, ಕೂರಿಸಿದರು, ಬೆರಳು ತಟ್ಟು ಎಂದರು, ಒಂದು ವಾಕ್ಯ ಬರಿ ಎಂದರು. ಪಾರ್ಕಿನ್ಸನ್ ಕಾಯಿಲೆಯ ಶುರು ಎಂದರು. ವಾಸಿಯಾಗುವುದಿಲ್ಲ, ಮಾತ್ರೆಗೆ ತಕ್ಕಮಟ್ಟಿಗೆ ಬಗ್ಗುತ್ತದೆಯಂತೆ. ಸದ್ಯಕ್ಕೆ ಬಲಗೈ ಮಾತ್ರ. ಮುಂದೆ ಎಡಕ್ಕೂ ಬರಬಹುದು, ಯಾವಾಗ ಎಂದು ಹೇಳಲಾಗದು. ಇಷ್ಟೇ ವಿಷಯ.

ಮಗಳಿಗೆ ಹೇಳಿದೆ. ಹೇಳುವಾಗ ಕಾಗದಗಳ ಸಂಗತಿಯೂ ಹೊರಗೆ ಬಂತು. ಆಮೇಲೆ, "ನಾಲ್ಕು ತಿಂಗಳು ನೀವಿಬ್ರೂ ಸೇರ್ಕೊಂಡು ಟ್ರಕ್ ರಿಪೇರಿ ಮಾಡ್ತಾ ಕೂತಿದ್ರಾ? ನಿಮಗೇನಪ್ಪ ಹೇಳೋದು ನಾನು?" ಎಂದು ಅಳುವುದೋ ನಗುವುದೋ ತಿಳಿಯದೆ ಎರಡೂ ಮಾಡಿದಳು. ರಿಮೋಟನ್ನು ಕಿತ್ತಿಡಲಿಲ್ಲ. "ಅವನು ಬರ್ಲಿ. ನಿಮ್ಮನ್ನ ನಾನೇ ಕಾರಲ್ಲಿ ಕರ್ಕೊಂಡು ಬರ್ತೀನಿ" ಎಂದಳು. ನಿನ್ನ ಅತ್ತೆಗೆ ಹೊಸದಾಗಿ ಹೇಳುವುದು ಏನೂ ಇರಲಿಲ್ಲ. ಚಮಚ ನಡುಗುವುದನ್ನು ಜನವರಿಯಲ್ಲೇ ನೋಡಿದ್ದಳಂತೆ. ನಾನು ಹೇಳಲಿ ಎಂದು ಕಾದಿದ್ದಳಂತೆ.

ಹದಿನೇಳರಂದು ಬೆಳಿಗ್ಗೆ ಏಳಕ್ಕೆ ಓಡುದಾರಿಯ ಹತ್ತಿರ ಇರು. ತಡ ಮಾಡಬೇಡ.

ಮಾವ

ಮೇ 21

ಮಾವನವರಿಗೆ ನಮಸ್ಕಾರ.

ಇಲ್ಲಿಗೆ ಮರಳಿ ನಾಲ್ಕು ದಿನವಾದರೂ ಕಿವಿಯಲ್ಲಿ ಆ ಮೋಟಾರಿನ ಸದ್ದೇ ಇದೆ. ನಿಮ್ಮ ಮೊಣಕೈ ತಿವಿದ ಜಾಗ ಪಕ್ಕೆಯಲ್ಲಿ ಇನ್ನೂ ನೋಯುತ್ತಿದೆ. ಇಬ್ಬರು ಗಂಡಸರು ಒಂದು ರಿಮೋಟಿಗೆ ಜೋತುಬಿದ್ದದ್ದನ್ನು ನೋಡಿ ಕ್ಲಬ್ಬಿನವರು ಮೊದಲು ನಕ್ಕರಲ್ಲ, ಮೊದಲ ಓಟಕ್ಕೇ ನೂರ ಮೂವತ್ತೊಂಬತ್ತು ಬಂದಾಗ ಅವರ ಮುಖ ನೋಡಬೇಕಿತ್ತು. ಎರಡನೆಯದಕ್ಕೆ ನೂರ ನಲವತ್ನಾಲ್ಕು. ಮೂರನೆಯದಕ್ಕೆ ನೂರ ನಲವತ್ತೇಳು. ಒಂದು ಸಲವೂ ಅಲ್ಲಾಡಲಿಲ್ಲ.

ಅವಳು ನನ್ನೊಡನೆ ಆಡಿದ್ದು ಒಂದೇ ಮಾತು. "ಸಣ್ಣಗಾಗಿದ್ದೀಯ" ಎಂದಳು. ಅದರ ಅರ್ಥ ಏನೆಂದು ನನಗೆ ತಿಳಿಯಲಿಲ್ಲ. ನೀವೂ ಹೇಳಬೇಡಿ.

ಈಗ ಕೇಳಬೇಕೋ ಬೇಡವೋ ಎಂದು ನಾಲ್ಕು ದಿನ ಒದ್ದಾಡಿದ್ದನ್ನು ಕೇಳಿಬಿಡುತ್ತೇನೆ. ಕಾರ್ಡಿನ ಗೆರೆಗಳನ್ನು ತೆಗೆದು ನೋಡಿದೆ. ಮೂರನೆಯ ಓಟದಲ್ಲಿ ಅಳೆಯುವ ದಾರಿ ಮುಗಿಯಲು ಇನ್ನೂ ಅರವತ್ತು ಮೀಟರ್ ಇತ್ತು. ಬ್ಯಾಟರಿಯಲ್ಲಿ ಕಸುವಿತ್ತು, ವೇಗ ಏರುತ್ತಲೇ ಇತ್ತು. ನೂರ ನಲವತ್ತೇಳಕ್ಕೆ ನಿಮ್ಮ ಬೆರಳು ಕೀಲಿನಿಂದ ಪೂರ್ತಿ ಬಿಟ್ಟುಹೋಗಿದೆ. ಮೇಲಿದ್ದ ಗೆರೆ ಒಮ್ಮೆಗೇ ನೆಲಕ್ಕೆ ಬಿದ್ದಿದೆ. ಅದು ಎಡಗೈ, ಮಾವ. ಎಡಕ್ಕೂ ಬರಬಹುದು ಎಂದು ಡಾಕ್ಟರು ಹೇಳಿದ್ದರಲ್ಲ. ಇಷ್ಟು ಬೇಗ ಬಂತೇ? ಬಂದಿದ್ದರೆ ಈ ಸಲವಾದರೂ ಮುಚ್ಚಿಡಬೇಡಿ. ನನಗೆ ಭಯವಾಗುತ್ತಿದೆ.

ಅಳಿಯ

ಜೂನ್ 2

ಅಳಿಯನಿಗೆ,

ಮಾತ್ರೆ ಶುರುವಾಗಿ ತಿಂಗಳಾಯಿತು, ಅಕ್ಷರ ನೋಡು, ಕಾಳಿನಷ್ಟಾದರೂ ಆಗಿದೆ.

ಗೆರೆ ನೋಡಿ ಮನುಷ್ಯನನ್ನು ಓದಲು ನಿನಗೆ ಬರುವುದಿಲ್ಲ. ಹೋದ ಸಲ ಕೈ ನಡುಗಿದರೆ ರಿಮೋಟು ಕೆಟ್ಟಿದೆ ಎಂದೆ. ಈ ಸಲ ರಿಮೋಟಿನಲ್ಲಿ ಗೆರೆ ಬಿದ್ದರೆ ಕೈ ಕೆಟ್ಟಿದೆ ಎನ್ನುತ್ತೀಯ. ನಡುಗುವ ಬೆರಳು ಜಾರಿದರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಹಾಗೆ ಒಂದೇ ಏಟಿಗೆ ಬೀಳುವುದಿಲ್ಲ. ಎಡಗೈ ಕಲ್ಲಿನ ಹಾಗಿದೆ. ನಿನ್ನೆ ಡಾಕ್ಟರೂ ನೋಡಿದರು. ಹೆದರಬೇಡ.

ಬೆರಳನ್ನು ನಾನೇ ಬಿಟ್ಟೆ.

ರಿಮೋಟಿನ ಪರದೆಯ ಮೇಲೆ ನೂರ ನಲವತ್ತೇಳು ಕಾಣಿಸಿತು. ಗೇರಿನ ಸದ್ದು ಕೇಳಿಯೇ ಗೊತ್ತಾಯಿತು, ಇನ್ನು ಒಂದು ಉಸಿರಿನಲ್ಲಿ ನೂರೈವತ್ತು ಆಗುತ್ತದೆ ಎಂದು. ಪಕ್ಕದಲ್ಲಿ ನೀನು ಉಸಿರು ಬಿಗಿಹಿಡಿದು ನಿಂತಿದ್ದೆ. ಆಗ ಒಂದು ಯೋಚನೆ ಬಂತು. ಆಗಿಬಿಟ್ಟರೆ ನಾವು ಕೈಕುಲುಕುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಟ್ರಕ್ಕು ಶೋಕೇಸಿಗೆ ಹೋಗುತ್ತದೆ, ನೀನು ನಿನ್ನ ಲಿಫ್ಟುಗಳಿಗೆ ಹೋಗುತ್ತೀಯ. ಕೆಲಸ ಮುಗಿದ ಮೇಲೆ ಬಿಟ್ಟ ಹೆಂಡತಿಯ ಅಪ್ಪನಿಗೆ ಯಾರು ಕಾಗದ ಬರೆಯುತ್ತಾರೆ?

ಇನ್ನು ಫೋನ್ ಮಾಡಬಹುದು ಎಂದು ಅವಳು ಹೇಳಿದ್ದಾಳೆ. ನನಗೆ ಬೇಡ. ಫೋನಿನಲ್ಲಿ ನಾನು ಹೂಂ ಎನ್ನುತ್ತೇನೆ, ನೀನು ಸರಿ ಎನ್ನುತ್ತೀಯ, ಇಟ್ಟುಬಿಡುತ್ತೇವೆ.

ಮೂರು ಕಿಲೋಮೀಟರ್ ಬಾಕಿ ಇದೆ. ಮುಂದಿನ ಚಕ್ರಗಳಿಗೆ ಯಾವ ಟೈರು ಹಾಕೋಣ, ಬರಿ.

ಮಾವ